ಗೊತ್ತಿಲ್ಲದವರೆಲ್ಲ ಸ್ಟೇಟ್ ಬ್ಯಾಂಕಿಗೆ

ಹದಿನಾರು ವರ್ಷ ಕೂಗಿದ್ದು ಇಷ್ಟೇ:
ಜ್ಯೋತಿ ಬೆಂದೂರ್‌ವೆಲ್ ಕಂಕನಾಡಿ ಪಂಪ್‌ವೆಲ್ ತೊಕ್ಕೊಟ್ಟು,
ಒಂದೇ ಉಸಿರು, ಕೊನೆಯ ‘ಟ್ಟು’ ಬಾಗಿಲಿನ ಹೊರಗೆ.
ಡಾಕ್ಟರರು ಗಂಟಲಿಗೆ ಕೊಳವೆ ಇಳಿಸಿ ಪರದೆಯಲ್ಲಿ ತೋರಿಸಿದರು:
ಎರಡು ತಂತು, ಒಂದೊಂದರಲ್ಲೂ ಅಕ್ಕಿಕಾಳಿನಷ್ಟು ಗಂಟು.
“ಪಿಸುಗುಟ್ಟುವುದೂ ಬೇಡ. ಬೇರೆ ಕೆಲಸ ಎಂತ ಗೊತ್ತುಂಟು?”

ಹಾಗೆ ಬಂದು ಕೂತಿದ್ದೇನೆ ಕೊಡಿಯಾಲ್‌ಬೈಲಿನಲ್ಲಿ,
ಕನ್ನಡಕದ ಅಂಗಡಿಯ ಮೇಲಿನ ಮಹಡಿ,
ಎಡಕ್ಕೂ ಬಲಕ್ಕೂ ಈಗಷ್ಟೇ ಮೀಸೆ ಮೂಡಿದವರು.
ಕೌಂಟರಿನ ಜೋಸ್ಲಿನ್ ಎರಡು ಕಾಗದ ಮುಂದಿಟ್ಟಳು.
“ಇದು ಸಿಸಿಎನ್‌ಎ. ಒಂದು ಕಂಪೆನಿಯದ್ದು,
ಅವರ ಪೆಟ್ಟಿಗೆ, ಅವರ ಭಾಷೆ.
ಇದು ನೆಟ್‌ವರ್ಕ್ ಪ್ಲಸ್, ಯಾರ ಪೆಟ್ಟಿಗೆಯಾದರೂ ಆದೀತು.
ಎರಡೂ ಮೂರೇ ವರ್ಷ, ಆಮೇಲೆ ಪುನಃ ಮಾಡಿಸಬೇಕು.”
ಅಷ್ಟು ಮಾತ್ರ ತಕ್ಷಣ ತಿಳಿಯಿತು. ಬಸ್ಸಿಗೂ ಎಫ್‌ಸಿ ಉಂಟಲ್ಲ.

ಫೀಸು ಡಾಲರಿನಲ್ಲಿ.
ಉಷಾಲತಾ ಎಷ್ಟು ಗೇರುಬೀಜ ಒಡೆದರೆ,
ಬೆರಳು ಇನ್ನೆಷ್ಟು ಕಪ್ಪಾದರೆ ಅಷ್ಟಾಗುತ್ತದೆ,
ಆ ಲೆಕ್ಕ ಕಾಗದದಲ್ಲಿ ಇರಲಿಲ್ಲ.

ಗೋಡೆಯ ಹಲಗೆಯಲ್ಲಿ ಯಾರೋ ಅಳಿಸದೆ ಬಿಟ್ಟ ಪಾಠ:
ಪ್ರತಿ ಪ್ಯಾಕೆಟ್ಟಿಗೂ ಒಂದು ಅಂಕಿ,
ರೂಟರು ದಾಟಿದ ಹಾಗೆ ಒಂದೊಂದೇ ಕಳೆ,
ಸೊನ್ನೆಯಾದಲ್ಲಿ ಬಿಸಾಡು.
ಅರೆ, ಇದು ಸ್ಟೇಜು!
ಪಂಪ್‌ವೆಲ್ಲಿಗೆ ಟಿಕೇಟು ತೆಗೆದು ತೊಕ್ಕೊಟ್ಟಿನ ತನಕ
ನಿದ್ದೆ ನಟಿಸುವವರನ್ನು ನೇತ್ರಾವತಿ ಸೇತುವೆಗೆ ಮೊದಲೇ
ಭುಜ ತಟ್ಟಿ ಇಳಿಸಿದವ ನಾನು.
ಒಬ್ಬನನ್ನು ಇಳಿಸಲಿಲ್ಲ. ಅವ ನಿಜವಾಗಿ ಅಳುತ್ತಿದ್ದ.
ಅದು ಸಿಲೆಬಸ್ಸಿನಲ್ಲಿ ಇರಲಿಕ್ಕಿಲ್ಲ.

ಅದರ ಕೆಳಗೆ: ಎಲ್ಲಿಗೆಂದು ಗೊತ್ತಿಲ್ಲದ್ದನ್ನೆಲ್ಲ
ಒಂದೇ ಬಾಗಿಲಿಗೆ ಕಳಿಸು, ಮುಂದಿನದ್ದು ಆಚೆಯವರು ನೋಡಿಕೊಳ್ಳುತ್ತಾರೆ.
ಪುಸ್ತಕದಲ್ಲಿ ಅದು ಡಿಫಾಲ್ಟ್ ಗೇಟ್‌ವೇ.
ನಮ್ಮಲ್ಲಿ ಸ್ಟೇಟ್ ಬ್ಯಾಂಕು.
ಜನ್ಮದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಎಷ್ಟು ಸಾವಿರ ಮಂದಿಯನ್ನು
ಅಲ್ಲಿ ಇಳಿಸಿದ್ದೇನೋ.

ಜುನೈದನಿಗೆ ಮೆಸೇಜು ಹಾಕಿದೆ. ಮೊದಲು ನಮ್ಮ ಕ್ಲೀನರು,
ಈಗ ಆಸ್ಪತ್ರೆಯ ಸೂರಿನೊಳಗೆ ರಾತ್ರಿಯಿಡೀ ಕೇಬಲ್ ಎಳೆಯುವವ.
“ಕಂಪೆನಿಯದ್ದೇ ಮಾಡು ಮಾರಾಯ,
ಕೆಲಸಕ್ಕೆ ಕರೆಯುವವರು ಅದರ ಹೆಸರೇ ಕೇಳುವುದು.”
ಇರಬಹುದು. ಆದರೆ ನಾನು ಮೂರು ಧಣಿಗಳನ್ನು ಕಂಡವ.
ಬಸ್ಸಿಗೆ ಮೊದಲು ಧಣಿಯ ಮಗಳ ಹೆಸರು,
ಆಮೇಲೆ ದೈವದ್ದು, ಆಮೇಲೆ ಇನ್ನೊಬ್ಬ ಧಣಿಯ ಮಗಳದ್ದು.
ಹೊಂಡ ಅದೇ, ತಿರುವು ಅದೇ, ಕೂಗೂ ಅದೇ.
ಹೆಸರು ನೋಡಿಯೇ ಹತ್ತುವವರೂ ಇದ್ದರು, ಸುಳ್ಳು ಹೇಳಬಾರದು.

ರಾತ್ರಿ ಮಗಳ ಪಟ್ಟಿಯ ಹಿಂದಿನ ಪುಟದಲ್ಲಿ ಅಭ್ಯಾಸ:
ಇನ್ನೂರೈವತ್ತಾರನ್ನು ಅರ್ಧ ಮಾಡು, ಅರ್ಧದಲ್ಲಿ ಅರ್ಧ.
ನೋಟು ಮುರಿದು ಚಿಲ್ಲರೆ ಕೊಟ್ಟ ಬೆರಳಿಗೆ ಇದೇನು ಹೊಸತಲ್ಲ.
ಹೊಸತು ಒಂದೇ: ಪ್ರತಿ ಪಾಲಿನ ಮೊದಲನೆಯದನ್ನೂ ಕೊನೆಯದನ್ನೂ
ಯಾರಿಗೂ ಕೊಡುವ ಹಾಗಿಲ್ಲ.
“ಡ್ರೈವರಿನ ಸೀಟು, ನಿಮ್ಮ ಸೀಟು,” ಅಂದಳು ಮಗಳು
ತಲೆ ಎತ್ತದೆ.

ಮರುದಿನ ಯಾರದ್ದೂ ಅಲ್ಲದ್ದಕ್ಕೆ ಟಿಕ್ ಹಾಕಿದೆ.
ಉಷಾಲತಾಳಿಗೆ ಇನ್ನೂ ಹೇಳಿಲ್ಲ.
ಸ್ವರ ಇಲ್ಲದ್ದು ಕೆಲವಕ್ಕೆ ಒಳ್ಳೆಯ ನೆಪ.

ಜ್ಯೋತಿಯಲ್ಲಿ ನಿಂತಿದ್ದೆ. ಮೀನಿನ ಬುಟ್ಟಿ ಖಾಲಿಯಾದ ಹೆಂಗಸೊಬ್ಬಳು
“ಇದು ತೊಕ್ಕೊಟ್ಟಿಗೆ ಹೋಗ್ತದಾ?” ಕೇಳಿದಳು ನನ್ನನ್ನೇ,
ಇಷ್ಟು ಜನರ ನಡುವೆ.
ತಲೆಯಾಡಿಸಿದೆ. ಬುಟ್ಟಿ ಹಿಡಿದೆ. ಹತ್ತಿದಳು.
ಹೊಸ ಹುಡುಗ, ಚಿಲ್ಲರೆಯಲ್ಲಿ ಮುಳುಗಿದ್ದಾನೆ, ನೋಡಲಿಲ್ಲ.
ಕಿಸೆಯಲ್ಲಿ ರಶೀದಿಯ ಹಿಂದೆ ನನ್ನ ಹಳೆಯ ವಿಸಿಲು.
ಅದಕ್ಕೆ ತಂತು ಬೇಡ, ಗಾಳಿ ಸಾಕು.
ಎರಡು ಊದಿದೆ.
ಬಸ್ಸು ಹೊರಟಿತು.